ಉಬ್ಬಸ, ದಮ್ಮು, ಬಿಡದ ಕೆಮ್ಮು: ಯಾವ ಉಸಿರಿನ ಪರೀಕ್ಷೆ ಯಾರಿಗೆ? ಮಲೆನಾಡಿನವರಿಗೊಂದು ಹೋಲಿಕೆ

ಉಸಿರಿನ ಪರೀಕ್ಷೆಯ ಬಗ್ಗೆ ಜನ ಕೇಳುವ ಪ್ರಶ್ನೆಗಳು ಹೆಚ್ಚು ಕಮ್ಮಿ ಒಂದೇ ತರ ಇರುತ್ತವೆ. "ಮನೆಯಲ್ಲಿ ಆಕ್ಸಿಮೀಟರ್ ಇದೆಯಲ್ಲ, ಅದು ಸಾಲದಾ?" "ಸಿಟಿ ಸ್ಕ್ಯಾನೇ ಆಗಿದೆ, ಇನ್ನು ಊದೋದು ಯಾಕೆ?" "ಶಿವಮೊಗ್ಗದಲ್ಲೇ ಮಾಡಿಸಬಹುದಾ, ಮಣಿಪಾಲಕ್ಕೇ ಹೋಗಬೇಕಾ?" ನಾನು ಎದೆರೋಗ ವಿಭಾಗದಲ್ಲಿ ರೋಗಿಗಳಿಂದ ಊದಿಸುವ ಕೆಲಸ ಮಾಡುವವಳು. ಒಬ್ಬೊಬ್ಬರಿಗೆ ಒಂದೊಂದು ಮಾತು ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಪರೀಕ್ಷೆ ಆರಿಸುವ ಮೊದಲು ನಾಲ್ಕು ವಿಷಯ ಯೋಚಿಸಬೇಕು. ಮೊದಲನೆಯದು, ಏನು ತಿಳಿಯಬೇಕಾಗಿದೆ? ಉಸಿರು ಹೊರಗೆ ಬರುವ ದಾರಿ ಕಿರಿದಾಗಿದೆಯೋ, ಶ್ವಾಸಕೋಶವೇ ಕುಗ್ಗಿದೆಯೋ, ಅಥವಾ ಗಾಳಿ ಒಳಗೆ ಹೋದರೂ ಆಮ್ಲಜನಕ ರಕ್ತಕ್ಕೆ ಸೇರುತ್ತಿಲ್ಲವೋ? ತೋಟದ ನೀರು ಸರಿಯಾಗಿ ಬರದಿದ್ದರೆ ಪೈಪಿನಲ್ಲಿ ಕಸ ಕಟ್ಟಿದೆಯೋ, ಟ್ಯಾಂಕೇ ಚಿಕ್ಕದೋ ಎಂದು ಬೇರೆ ಬೇರೆ ನೋಡುತ್ತೀರಲ್ಲ, ಇದೂ ಹಾಗೇ. ಎರಡನೆಯದು, ರೋಗಿಗೆ ಜೋರಾಗಿ ಊದಲು ಆಗುತ್ತದೆಯೇ? ಮೂರನೆಯದು, ಒಂದು ದಿನದ ಲೆಕ್ಕ ಸಾಕೋ, ದಿನದಿನದ ಏರಿಳಿತ ಬೇಕೋ? ನಾಲ್ಕನೆಯದು ದುಡ್ಡು ಮತ್ತು ದಾರಿ. ಮಳೆಗಾಲದಲ್ಲಿ ಹೊಸನಗರದ ಒಳಗಿನ ಹಳ್ಳಿಯಿಂದ ಉಸಿರು ಕಟ್ಟುವ ಮನುಷ್ಯನನ್ನು ಕರೆದುಕೊಂಡು ಹೊರಡುವುದು ಸಣ್ಣ ಕೆಲಸ ಅಲ್ಲ. ಹಾಗಾಗಿ ದಾರಿಯನ್ನೂ ಖರ್ಚಿನ ಲೆಕ್ಕಕ್ಕೇ ಸೇರಿಸಿ.

ಇದಕ್ಕೆಲ್ಲ ಮೊದಲು ಇನ್ನೊಂದು ಮಾತು. ಎರಡು ವಾರ ದಾಟಿದ ಕೆಮ್ಮು ಇದ್ದರೆ ಮೊದಲು ಕಫ ಪರೀಕ್ಷೆ ಆಗಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಕ್ಷಯ ಇದ್ದವರು ಊದಿದರೆ ಪಕ್ಕದವರಿಗೂ ತೊಂದರೆ, ಅವರ ಔಷಧಿಯೂ ತಡವಾಗುತ್ತದೆ.

ಆಕ್ಸಿಮೀಟರ್: ಇರಲಿ, ಆದರೆ ಇದರಿಂದ ರೋಗ ಗೊತ್ತಾಗುವುದಿಲ್ಲ

ಕೊರೊನಾ ಬಂದ ಮೇಲೆ ಬೆರಳಿಗೆ ಸಿಕ್ಕಿಸುವ ಈ ಯಂತ್ರ ತುಂಬಾ ಮನೆಗಳಿಗೆ ಬಂದಿದೆ. ಇದು ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ಮಾತ್ರ ಹೇಳುತ್ತದೆ. ಶ್ವಾಸಕೋಶ ಎಷ್ಟು ಕೆಲಸ ಮಾಡುತ್ತಿದೆ ಎಂದು ಹೇಳುವುದಿಲ್ಲ. ಉಸಿರಿನ ದಾರಿ ಅರ್ಧಕ್ಕರ್ಧ ಕಿರಿದಾದವರಿಗೂ ಕೂತಲ್ಲಿ 97 ತೋರಿಸಬಹುದು. "97 ಇದೆ, ಏನೂ ಇಲ್ಲ" ಎಂದು ಸುಮ್ನೆ ಕೂರುವುದೇ ಇದರಿಂದ ಆಗುವ ದೊಡ್ಡ ತೊಂದರೆ.

ಉಬ್ಬಸ ಏರಿದಾಗ ಮಾತ್ರ ಇದು ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಅಸ್ತಮಾ ಇದ್ದವರಿಗೆ 92ಕ್ಕಿಂತ ಕೆಳಗೆ ಬಂದರೆ ಕಾಯದೆ ಆಸ್ಪತ್ರೆಗೆ ಹೊರಡಬೇಕು. ಹಳೆಯ ಸಿಒಪಿಡಿ (ಉಸಿರಿನ ದಾರಿ ಕಿರಿದಾಗಿಯೇ ಉಳಿಯುವ ರೋಗ) ರೋಗಿಗಳ ಲೆಕ್ಕ ಬೇರೆ. ಅವರಲ್ಲಿ ಕೆಲವರಿಗೆ ಆಮ್ಲಜನಕ ಕೊಡುವಾಗ 88ರಿಂದ 92ರ ನಡುವೆ ಇಡುತ್ತಾರೆ, ಜಾಸ್ತಿ ಕೊಟ್ಟರೆ ಕೆಡುಕು. ನಿಮ್ಮ ಮನೆಯವರಿಗೆ ಎಷ್ಟು ಸರಿ ಎಂದು ಡಾಕ್ಟರನ್ನು ಕೇಳಿ ಬರೆದಿಟ್ಟುಕೊಳ್ಳಿ. ಮದರಂಗಿ, ಉಗುರಿನ ಬಣ್ಣ, ಮಳೆಗಾಲದಲ್ಲಿ ತಣ್ಣಗಾದ ಬೆರಳು, ಇವೆಲ್ಲ ಲೆಕ್ಕ ತಪ್ಪಿಸುತ್ತವೆ. ಚರ್ಮ ಕಪ್ಪಾಗಿದ್ದವರಲ್ಲಿ ಯಂತ್ರ ಇರುವುದಕ್ಕಿಂತ ಸ್ವಲ್ಪ ಜಾಸ್ತಿಯೇ ತೋರಿಸಬಹುದು.

ಪೀಕ್ ಫ್ಲೋ ಮೀಟರ್: ಕಡಿಮೆ ಖರ್ಚು, ಜಾಸ್ತಿ ಉಪಯೋಗ

ಪ್ಲಾಸ್ಟಿಕ್ ಕೊಳವೆ, ಪಕ್ಕದಲ್ಲಿ ಒಂದು ಮುಳ್ಳು, ಅಷ್ಟೇ. ಕೆಲವು ನೂರು ರೂಪಾಯಿಗೆ ಔಷಧಿ ಅಂಗಡಿಯಲ್ಲಿ ತರಿಸಿಕೊಡುತ್ತಾರೆ. ಉಸಿರು ಎಷ್ಟು ವೇಗವಾಗಿ ಹೊರಗೆ ಬರುತ್ತದೆ ಎಂದು ಇದು ಅಳೆಯುತ್ತದೆ. ಮಾರ್ಟಿನ್ ರೈಟ್ ಎಂಬ ಬ್ರಿಟಿಷ್ ವೈದ್ಯರು 1959ರಲ್ಲಿ ಇದರ ಮೊದಲ ರೂಪವನ್ನು ಪ್ರಕಟಿಸಿದರು.

ಬಳಸುವುದು ಸುಲಭ. ಮುಳ್ಳನ್ನು ಕೆಳಗೆ ತನ್ನಿ. ನಿಂತುಕೊಂಡು ಎದೆ ತುಂಬ ಉಸಿರು ಎಳೆದುಕೊಳ್ಳಿ. ತುಟಿ ಬಿಗಿ ಹಿಡಿದು ಒಂದೇ ಸಲಕ್ಕೆ ಗಟ್ಟಿಯಾಗಿ ಊದಿ. ಮೂರು ಸಲ ಮಾಡಿ, ಅದರಲ್ಲಿ ದೊಡ್ಡ ಅಂಕಿಯನ್ನು ಬರೆಯಿರಿ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ, ಹೀಗೆ ಎರಡು ವಾರ. ದೊಡ್ಡವರಲ್ಲಿ ಬೆಳಗ್ಗೆ ಸಂಜೆಯ ವ್ಯತ್ಯಾಸ ಸರಾಸರಿ ಶೇ 10ಕ್ಕಿಂತ ಜಾಸ್ತಿ ಬಂದರೆ ಅಸ್ತಮಾ ಎನ್ನಲು ಒಳ್ಳೆಯ ಆಧಾರ ಸಿಕ್ಕಂತೆ. ಮಕ್ಕಳಲ್ಲಿ ಈ ಗಡಿ ಶೇ 13.

ಅಸ್ತಮಾ ಎಂದು ಗೊತ್ತಾದ ಮೇಲೂ ಇದು ಕೈಗೆ ಬರುತ್ತದೆ. ಆರಾಮಾಗಿರುವ ದಿನ ನಿಮ್ಮದು ಅತಿ ಹೆಚ್ಚು ಎಷ್ಟು ಬರುತ್ತದೋ ಅದೇ ನಿಮ್ಮ ಅಳತೆಗೋಲು. ಅದರ ಶೇ 80ರ ಮೇಲಿದ್ದರೆ ಸರಿ. 50ರಿಂದ 80ರ ನಡುವೆ ಬಂದರೆ ಡಾಕ್ಟರು ಹೇಳಿಕೊಟ್ಟಂತೆ ಔಷಧಿ ಹೆಚ್ಚಿಸಬೇಕು. 50ರ ಕೆಳಗೆ ಹೋದರೆ ಪಂಪ್ (ಇನ್‌ಹೇಲರ್) ಹಾಕಿಕೊಂಡು ಆಸ್ಪತ್ರೆ ದಾರಿ ಹಿಡಿಯಬೇಕು. ಯಂತ್ರ ಬದಲಾಯಿಸಬೇಡಿ. ಒಂದೊಂದು ಕಂಪನಿಯದು ಒಂದೊಂದು ತರ ತೋರಿಸುತ್ತದೆ.

ನಮ್ಮ ಕಡೆಯವರಿಗೆ ಇದು ಇನ್ನೊಂದು ಕಾರಣಕ್ಕೂ ಬೇಕು. ಅಡಿಕೆ ಸುಲಿದು ಬೇಯಿಸುವ ಕಾಲ, ಭತ್ತ ಒಕ್ಕುವ ಕಾಲ, ಕೊಟ್ಟಿಗೆಗೆ ದರಕು ತರುವ ಕಾಲ, ಇವೆಲ್ಲ ಬೇರೆ ಬೇರೆ ತಿಂಗಳು. ಅಡಿಕೆ ಒಲೆಯ ಹೊಗೆಯಲ್ಲಿ ಇದ್ದ ದಿನ ಎಷ್ಟು, ನೆಂಟರ ಮನೆಗೆ ಹೋದ ದಿನ ಎಷ್ಟು ಎಂದು ಒಂದು ಪುಸ್ತಕದಲ್ಲಿ ಬರೆದು ತಂದರೆ ಯಾವುದು ಉಬ್ಬಸ ತರಿಸುತ್ತಿದೆ ಎಂದು ಡಾಕ್ಟರಿಗೆ ಕಣ್ಣಿಗೇ ಕಾಣುತ್ತದೆ. ಆಸ್ಪತ್ರೆಯ ದೊಡ್ಡ ಯಂತ್ರಕ್ಕೆ ಇದನ್ನು ತೋರಿಸಲು ಆಗುವುದಿಲ್ಲ, ಏಕೆಂದರೆ ನೀವು ಅದರ ಮುಂದೆ ಕೂರುವುದು ಒಂದು ಬೆಳಗ್ಗೆ ಮಾತ್ರ.

ಇದರ ಮಿತಿಯೂ ಗೊತ್ತಿರಲಿ. ಸಿಒಪಿಡಿ ಇದೆ ಅಥವಾ ಇಲ್ಲ ಎಂದು ಇದರಿಂದ ತೀರ್ಮಾನಿಸಬಾರದು. ಶ್ವಾಸಕೋಶ ಗಟ್ಟಿಯಾಗುವ ರೋಗಗಳಲ್ಲಿ ಪೀಕ್ ಫ್ಲೋ ಪೂರ್ತಿ ಸರಿಯಾಗೇ ಬರಬಹುದು.

ಸ್ಪೈರೊಮೆಟ್ರಿ: ಮೊದಲು ಮಾಡಿಸಬೇಕಾದದ್ದು

ಡಾಕ್ಟರು ಚೀಟಿಯಲ್ಲಿ ಪಿಎಫ್‌ಟಿ ಎಂದು ಬರೆದರೆ ಸಾಮಾನ್ಯವಾಗಿ ಇದೇ. ಒಂದೇ ಒಂದು ಪರೀಕ್ಷೆಗೆ ದುಡ್ಡು ಇದೆ ಅಂದರೆ ನಾನು ಹೇಳುವುದು ಇದನ್ನೇ. ಖಾಸಗಿಯಲ್ಲಿ ಕೆಲವು ನೂರರಿಂದ ಒಂದೆರಡು ಸಾವಿರದವರೆಗೆ ಆಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ತುಂಬಾ ಕಡಿಮೆ. ಬಿಪಿಎಲ್ ಕಾರ್ಡ್ ಜೊತೆಗಿರಲಿ.

ಮೂಗಿಗೆ ಕ್ಲಿಪ್ ಹಾಕುತ್ತಾರೆ. ಎದೆ ತುಂಬ ಉಸಿರೆಳೆದು ಜೋರಾಗಿ ಬಿಡಬೇಕು. ಒಳಗೆ ಇನ್ನೇನೂ ಉಳಿದಿಲ್ಲ ಅನ್ನುವವರೆಗೂ ನಿಲ್ಲಿಸದೆ ಊದಬೇಕು. "ಊದಿ ಅಮ್ಮ, ಇನ್ನೂ ಇನ್ನೂ, ಬಿಡಬೇಡಿ" ಎಂದು ನಾವು ಪಕ್ಕದಲ್ಲಿ ನಿಂತು ಕೂಗುತ್ತೇವೆ. ಬೈಯುತ್ತಿದ್ದಾರೆ ಎಂದುಕೊಳ್ಳಬೇಡಿ. ಹಾಗೆ ಹುರಿದುಂಬಿಸದಿದ್ದರೆ ಲೆಕ್ಕ ಸರಿಯಾಗಿ ಬರುವುದಿಲ್ಲ.

ಯಂತ್ರ ಎರಡು ಮುಖ್ಯ ಅಂಕಿ ಕೊಡುತ್ತದೆ. ಒಟ್ಟು ಎಷ್ಟು ಗಾಳಿ ಬಿಟ್ಟಿರಿ ಎಂಬುದು ಎಫ್‌ವಿಸಿ. ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಬಿಟ್ಟಿರಿ ಎಂಬುದು ಎಫ್‌ಇವಿ1. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದಾಗ ಉಸಿರಿನ ದಾರಿ ತೆರೆಯುವ ಔಷಧಿ ಎಳೆದ ಮೇಲೂ 0.70ಕ್ಕಿಂತ ಕಡಿಮೆ ಬಂದರೆ, ರೋಗದ ಲಕ್ಷಣ ಮತ್ತು ಹೊಗೆಯ ಇತಿಹಾಸ ಎರಡೂ ಇದ್ದರೆ, ಅದು ಸಿಒಪಿಡಿ. ಆಮೇಲೆ ಎಫ್‌ಇವಿ1 ಇರಬೇಕಾದದ್ದರ ಶೇಕಡಾ ಎಷ್ಟಿದೆ ಎಂದು ನೋಡುತ್ತಾರೆ. 80 ಮತ್ತು ಮೇಲೆ ಸೌಮ್ಯ, 50ರಿಂದ 79 ಮಧ್ಯಮ, 30ರಿಂದ 49 ತೀವ್ರ, 30ರ ಕೆಳಗೆ ಅತಿ ತೀವ್ರ. ತುಂಬಾ ವಯಸ್ಸಾದವರಲ್ಲಿ 0.70ರ ಲೆಕ್ಕ ರೋಗ ಇಲ್ಲದವರನ್ನೂ ರೋಗಿ ಎಂದು ತೋರಿಸಬಹುದು. ಎಂಬತ್ತರ ಅಜ್ಜನಿಗೆ 0.68 ಬಂದ ಕೂಡಲೇ ಗಾಬರಿ ಬೇಡ.

ಬೀಡಿ ಸಿಗರೇಟು ಮುಟ್ಟದ ಹೆಂಗಸರಿಗೆ ಈ ಪರೀಕ್ಷೆ ತಪ್ಪಿ ಹೋಗುತ್ತಿದೆ ಎಂಬುದು ನನಗೆ ತುಂಬಾ ಬೇಜಾರಿನ ವಿಷಯ. ಅಡುಗೆ ಒಲೆ, ಬಚ್ಚಲ ಒಲೆ, ಒದ್ದೆ ಸೌದೆಯ ಹೊಗೆ, ಇದರಲ್ಲೇ ನಲವತ್ತು ವರ್ಷ ಕಳೆದವರಿಗೆ ಸಿಒಪಿಡಿ ಬರುತ್ತದೆ. ಮನೆಯವರು ಅದನ್ನು "ವಯಸ್ಸಾಯ್ತು, ದಮ್ಮು" ಎಂದು ಬಿಟ್ಟುಬಿಡುತ್ತಾರೆ. ಗುಡ್ಡ ಹತ್ತುವಾಗ ಮೊದಲಿನ ಹಾಗೆ ಆಗುತ್ತಿಲ್ಲ ಎಂದು ಅಮ್ಮ ಹೇಳಿದರೆ ಒಮ್ಮೆ ಊದಿಸಿ ನೋಡಿ. ಹಿಂದೆ ಟಿಬಿ ಆಗಿ ವಾಸಿಯಾದವರಿಗೂ ಇದೇ ಮಾತು. ಟಿಬಿ ಹೋದರೂ ಉಸಿರಿನ ದಾರಿ ಕಿರಿದಾಗಿಯೇ ಉಳಿದಿರಬಹುದು.

ಔಷಧಿಗೆ ಮೊದಲು, ಔಷಧಿಯ ನಂತರ, ಹೀಗೆ ಎರಡು ಸಲ ಮಾಡುವುದನ್ನೇ ಕೇಳಿ. ನಡುವೆ ಸಾಲ್ಬುಟಮಾಲ್ 400 ಮೈಕ್ರೋಗ್ರಾಂ ಎಳೆಸಿ ಸುಮಾರು 15 ನಿಮಿಷ ಕೂರಿಸುತ್ತಾರೆ. ಎಫ್‌ಇವಿ1 ಶೇ 12 ಮತ್ತು 200 ಮಿಲಿ ಏರಿದರೆ ದಾರಿ ತೆರೆದುಕೊಂಡಿದೆ ಎಂದು ಲೆಕ್ಕ. ಹೊಸ ನಿಯಮದಲ್ಲಿ ಇರಬೇಕಾದ ಮೊತ್ತದ ಶೇ 10ಕ್ಕಿಂತ ಜಾಸ್ತಿ ಏರಬೇಕು ಎಂದಿದೆ. ನೂರಿನ್ನೂರು ರೂಪಾಯಿ ಉಳಿಸಲು ಮೊದಲಿನದು ಮಾತ್ರ ಮಾಡಿಸಿದರೆ ಅಸ್ತಮಾನೋ ಸಿಒಪಿಡಿನೋ ಎಂದು ಬೇರೆ ಮಾಡಲು ಕಷ್ಟವಾಗುತ್ತದೆ. ಆಮೇಲೆ ಇನ್ನೊಮ್ಮೆ ಬಸ್ಸು ಹತ್ತಬೇಕು.

ಪರೀಕ್ಷೆ ಸರಿಯಾಗಿ ಆಯಿತೋ ಇಲ್ಲವೋ ಎಂದು ನೀವೇ ನೋಡಬಹುದು. ಕನಿಷ್ಠ ಮೂರು ಒಳ್ಳೆಯ ಊದು ಇರಬೇಕು. ಅದರಲ್ಲಿ ಅತ್ಯುತ್ತಮ ಎರಡರ ನಡುವೆ 150 ಮಿಲಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ದೊಡ್ಡವರಿಗೆ ಎಂಟು ಸಲದವರೆಗೆ ಪ್ರಯತ್ನ ಮಾಡಿಸಬಹುದು. ಕೆಲವು ಯಂತ್ರಗಳು ಹಾಳೆಯ ಮೇಲೆ ಎ, ಬಿ, ಸಿ ಎಂದು ದರ್ಜೆ ಮುದ್ರಿಸುತ್ತವೆ. ಎ ಅಥವಾ ಬಿ ಬಂದರೆ ನಂಬಬಹುದು. ಒಂದೇ ಸಲ ಊದಿಸಿ ಹಾಳೆ ಕೈಗೆ ಕೊಟ್ಟರೆ "ಇನ್ನೊಮ್ಮೆ ಮಾಡಿಸ್ತೀರಾ?" ಎಂದು ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ. ಎತ್ತರವನ್ನು ಚಪ್ಪಲಿ ಬಿಚ್ಚಿಸಿ ಅಳೆದರೇ ಎಂದೂ ಗಮನಿಸಿ. ಇರಬೇಕಾದ ಮೊತ್ತ ಲೆಕ್ಕ ಹಾಕುವುದೇ ಎತ್ತರ, ವಯಸ್ಸು, ಗಂಡೋ ಹೆಣ್ಣೋ ಎಂಬುದರ ಮೇಲೆ. ಬೆನ್ನು ಬಾಗಿದ ಹಿರಿಯರಿಗೆ ಎರಡೂ ಕೈ ಚಾಚಿಸಿ ಬೆರಳ ತುದಿಯಿಂದ ತುದಿಗೆ ಅಳೆಯುವುದು ಸರಿಯಾದ ಕ್ರಮ.

ಹಾಳೆಯ ಕೆಳಗೆ ಯಂತ್ರ ಕೆಲವೊಮ್ಮೆ ತಾನೇ "ರಿಸ್ಟ್ರಿಕ್ಟಿವ್" (ಶ್ವಾಸಕೋಶ ಕುಗ್ಗಿದಂತಿದೆ) ಎಂದು ಮುದ್ರಿಸಿ ಕೊಡುತ್ತದೆ. ಅದನ್ನು ನೋಡಿ ಅಂತರ್ಜಾಲದಲ್ಲಿ ಹುಡುಕಿ ನಿದ್ದೆ ಕೆಡಿಸಿಕೊಂಡು ಬರುವವರು ತುಂಬಾ ಜನ. ಪೂರ್ತಿ ಊದದೆ ಮಧ್ಯದಲ್ಲೇ ನಿಲ್ಲಿಸಿದರೂ ಅದೇ ಮಾತು ಬರುತ್ತದೆ. ಶ್ವಾಸಕೋಶ ನಿಜವಾಗಿ ಕುಗ್ಗಿದೆ ಎನ್ನಲು ಒಟ್ಟು ಗಾತ್ರ ಅಳೆಯಬೇಕು. ಸ್ಪೈರೊಮೆಟ್ರಿಯಲ್ಲಿ ಅದು ಆಗುವುದಿಲ್ಲ.

ಇನ್ನೊಂದು ಮಿತಿ. ಅಸ್ತಮಾ ಇದ್ದವರು ಆರಾಮಾಗಿರುವ ದಿನ ಬಂದು ಊದಿದರೆ ಎಲ್ಲವೂ ಸರಿಯಾಗಿ ಬರಬಹುದು. ಆಗ ಅಸ್ತಮಾ ಇಲ್ಲ ಎಂದಲ್ಲ. ಮೇಲೆ ಹೇಳಿದ ಪೀಕ್ ಫ್ಲೋ ಪುಸ್ತಕವೇ ಅಂಥವರಿಗೆ ಮುಂದಿನ ಹೆಜ್ಜೆ. ದೊಡ್ಡ ಆಸ್ಪತ್ರೆಗಳಲ್ಲಿ ಉಸಿರಿನ ದಾರಿಯನ್ನು ಕೆರಳಿಸುವ ಮೆಥಾಕೊಲಿನ್ ಎಳೆಸಿ ನೋಡುವ ಪರೀಕ್ಷೆಯೂ ಇದೆ, ಆದರೆ ಎರಡು ವಾರದ ಪುಸ್ತಕ ನೋಡಿದ ಮೇಲೆ ಅದರ ಬಗ್ಗೆ ಯೋಚಿಸಿದರೆ ಸಾಕು.

ಊದಲು ಆಗದವರಿಗೆ

ಐದಾರು ವರ್ಷದ ಮೇಲಿನ ಮಕ್ಕಳು ಹೇಳಿಕೊಟ್ಟರೆ ಊದುತ್ತಾರೆ. ಅದಕ್ಕಿಂತ ಚಿಕ್ಕವರಿಗೆ, ಜೋರಾಗಿ ಊದಲು ಆಗದ ಹಿರಿಯರಿಗೆ ಆಸಿಲೊಮೆಟ್ರಿ ಎಂಬ ಪರೀಕ್ಷೆ ಇದೆ. ಸುಮ್ನೆ ಮಾಮೂಲಿ ಉಸಿರಾಡುತ್ತಾ ಕೂತರೆ ಸಾಕು, ಕೆನ್ನೆಯನ್ನು ಕೈಯಿಂದ ಒತ್ತಿ ಹಿಡಿದುಕೊಳ್ಳಬೇಕು. ಯಂತ್ರ ಸಣ್ಣ ಅಲೆಗಳನ್ನು ಕಳಿಸಿ ಎಷ್ಟು ಅಡ್ಡಿ ಇದೆ ಎಂದು ಅಳೆಯುತ್ತದೆ. ಮೂರು ವರ್ಷದ ಮಗುವಿಗೂ ಮಾಡಬಹುದು. ಎಲ್ಲ ಕಡೆ ಸಿಗುವುದಿಲ್ಲ. ಸರಿಯಾಗಿ ಊದಬಲ್ಲವರು ಇದರ ಹಿಂದೆ ಹೋಗಬೇಕಾಗಿಲ್ಲ.

ಉಸಿರಿನಲ್ಲಿ ನೈಟ್ರಿಕ್ ಆಕ್ಸೈಡ್ ಎಷ್ಟಿದೆ ಎಂದು ನೋಡುವ ಫೆನೊ ಪರೀಕ್ಷೆಯನ್ನೂ ಕೆಲವು ಕಡೆ ಬರೆಯುತ್ತಾರೆ. ದೊಡ್ಡವರಲ್ಲಿ 50ಕ್ಕಿಂತ ಜಾಸ್ತಿ ಇದ್ದರೆ ಸ್ಟೀರಾಯ್ಡ್ ಪಂಪಿನಿಂದ ಗುಣ ಸಿಗುವ ಸಾಧ್ಯತೆ ಹೆಚ್ಚು. ಕೈಯಲ್ಲಿ ದುಡ್ಡು ಕಮ್ಮಿ ಇದ್ದರೆ ಇದನ್ನು ಬಿಡಬಹುದೇ ಎಂದು ಡಾಕ್ಟರನ್ನೇ ಕೇಳಿ, ಸಾಮಾನ್ಯವಾಗಿ ಬಿಡಬಹುದು.

ಡಿಎಲ್‌ಸಿಒ ಮತ್ತು ಶ್ವಾಸಕೋಶದ ಗಾತ್ರ: ದೂರ ಹೋಗಲೇಬೇಕಾದಾಗ

ಗಾಳಿ ಒಳಗೆ ಹೋದ ಮೇಲೆ ರಕ್ತಕ್ಕೆ ಎಷ್ಟು ಸೇರುತ್ತದೆ ಎಂಬುದನ್ನು ಡಿಎಲ್‌ಸಿಒ ಹೇಳುತ್ತದೆ. ಶೇ 0.3ರಷ್ಟು ಮಾತ್ರ ಕಾರ್ಬನ್ ಮೊನಾಕ್ಸೈಡ್ ಇರುವ ಗಾಳಿಯನ್ನು ಎಳೆದು ಸುಮಾರು 10 ಸೆಕೆಂಡ್ ಹಿಡಿದು ಬಿಡಬೇಕು. ಅಷ್ಟು ಕಡಿಮೆ ಪ್ರಮಾಣದಿಂದ ಅಪಾಯವಿಲ್ಲ. ಗಾತ್ರ ಅಳೆಯಲು ಗಾಜಿನ ಕೋಣೆಯಂಥ ಪೆಟ್ಟಿಗೆಯಲ್ಲಿ ಕೂರಿಸುತ್ತಾರೆ, ಅಥವಾ ಹೀಲಿಯಂ ಬೆರೆತ ಗಾಳಿ ಎಳೆಸುತ್ತಾರೆ. ಖರ್ಚು ಸ್ಪೈರೊಮೆಟ್ರಿಗಿಂತ ಜಾಸ್ತಿ, ಯಂತ್ರ ಇರುವ ಊರುಗಳು ಕಡಿಮೆ.

ಒಣ ಕೆಮ್ಮು, ನಡೆದರೆ ಏದುಸಿರು, ಬೆನ್ನ ಮೇಲೆ ಸ್ಟೆತಸ್ಕೋಪ್ ಇಟ್ಟಾಗ ಚರಚರ ಸದ್ದು, ಸ್ಪೈರೊಮೆಟ್ರಿಯಲ್ಲಿ ಎಫ್‌ವಿಸಿ ಕಡಿಮೆ ಆದರೆ ಮೇಲೆ ಹೇಳಿದ ಎರಡು ಅಂಕಿಗಳ ಅನುಪಾತ ಸರಿ, ಇಂಥವರಿಗೆ ಇದು ಬೇಕೇ ಬೇಕು. ಬೂಷ್ಟು ಹಿಡಿದ ಹುಲ್ಲನ್ನು ವರ್ಷಗಟ್ಟಲೆ ಕೆದಕಿದವರಿಗೆ ಶ್ವಾಸಕೋಶದಲ್ಲಿ ಅಲರ್ಜಿಯ ಊತ ಬರಬಹುದು. ಕಲ್ಲುಕೋರೆ, ಕ್ರಷರ್‌ನಲ್ಲಿ ದುಡಿದವರಿಗೆ ಸಿಲಿಕೋಸಿಸ್ ಬರಬಹುದು. ಕೀಲುವಾತದ ರೋಗಿಗಳಲ್ಲೂ ಶ್ವಾಸಕೋಶ ಗಟ್ಟಿಯಾಗುವುದುಂಟು. ಅಡಿಕೆಗೆ ಬೋರ್ಡೋ ಹೊಡೆಯುವವರು ಅದನ್ನೂ ಡಾಕ್ಟರಿಗೆ ಹೇಳಬೇಕು. ದ್ರಾಕ್ಷಿ ತೋಟಕ್ಕೆ ಇದೇ ಮೈಲುತುತ್ತದ ದ್ರಾವಣ ಹೊಡೆಯುತ್ತಿದ್ದವರಲ್ಲಿ ಶ್ವಾಸಕೋಶದ ರೋಗವನ್ನು ಪೋರ್ಚುಗಲ್‌ನ ವೈದ್ಯರು 1969ರಲ್ಲೇ ವರದಿ ಮಾಡಿದ್ದರು. "ಕೃಷಿ" ಎಂದಷ್ಟೇ ಹೇಳಿದರೆ ಡಾಕ್ಟರಿಗೆ ಇದ್ಯಾವುದೂ ಹೊಳೆಯುವುದಿಲ್ಲ.

ಹೋಗುವಾಗ ಇತ್ತೀಚಿನ ಹಿಮೋಗ್ಲೋಬಿನ್ ವರದಿ ಒಯ್ಯಿರಿ. ರಕ್ತ ಕಡಿಮೆ ಇದ್ದರೆ ಡಿಎಲ್‌ಸಿಒ ಕೂಡ ಕಡಿಮೆ ತೋರಿಸುತ್ತದೆ. ಆ ಅಂಕಿ ಇದ್ದರೆ ಲೆಕ್ಕ ಸರಿಪಡಿಸಬಹುದು. ಆ ದಿನ ಬೀಡಿ ಸಿಗರೇಟು ಪೂರ್ತಿ ಬೇಡ.

ಆರು ನಿಮಿಷದ ನಡಿಗೆ

ಇದನ್ನು ಯಾಕೋ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 30 ಮೀಟರ್‌ನ ಸಮತಟ್ಟಾದ ಪಡಸಾಲೆ, ಒಂದು ಗಡಿಯಾರ, ಒಂದು ಆಕ್ಸಿಮೀಟರ್, ಇಷ್ಟೇ ಸಾಮಾನು. ಆರು ನಿಮಿಷದಲ್ಲಿ ಎಷ್ಟು ದೂರ ನಡೆದರು, ಆಮ್ಲಜನಕ ಎಷ್ಟು ಇಳಿಯಿತು ಎಂದು ಬರೆಯುತ್ತಾರೆ. ಕೂತಾಗ 96 ಇದ್ದವರು ನಡೆದಾಗ 86ಕ್ಕೆ ಇಳಿಯುವುದನ್ನು ನೋಡಿದ್ದೇನೆ. ಔಷಧಿ ಶುರುವಾದ ಮೇಲೆ ಸುಮಾರು 30 ಮೀಟರ್ ಜಾಸ್ತಿ ನಡೆದರೂ ಅದು ನಿಜವಾದ ಗುಣ. ಮಣಿಪಾಲಕ್ಕೆ ಹೋಗಲು ಸದ್ಯಕ್ಕೆ ಆಗುವುದಿಲ್ಲ ಎನ್ನುವವರು ಸ್ಪೈರೊಮೆಟ್ರಿಯ ಜೊತೆ ಇದನ್ನಾದರೂ ಮಾಡಿಸಿ. ಮನೆ ಮುಂದಿನ ಏರಿನಲ್ಲಿ ನೀವೇ ನಡೆಸಿ ನೋಡಬೇಡಿ, ಆಸ್ಪತ್ರೆಯವರು ಪಕ್ಕದಲ್ಲಿರಬೇಕು.

ಎಕ್ಸ್‌ರೇ, ಸಿಟಿ ಎರಡೂ ಚಿತ್ರ ತೋರಿಸುತ್ತವೆ, ಉಸಿರಿನ ಬಲ ಅಳೆಯುವುದಿಲ್ಲ. ಸಾವಿರಾರು ರೂಪಾಯಿ ಕೊಟ್ಟು ಸಿಟಿ ಮಾಡಿಸಿ, ಒಮ್ಮೆಯೂ ಊದದೆ ಬರುವವರಿದ್ದಾರೆ. ಹೆಚ್ಚಿನವರಲ್ಲಿ ಊದುವುದು ಮೊದಲು ಆಗಬೇಕಿತ್ತು.

ಎಲ್ಲಿಗೆ, ಯಾವಾಗ

ಸಾಗರ, ಸೊರಬ, ಶಿಕಾರಿಪುರ, ತೀರ್ಥಹಳ್ಳಿ, ಹೊಸನಗರ, ಭದ್ರಾವತಿಯವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಕಫ ಮತ್ತು ಎಕ್ಸ್‌ರೇ ಮುಗಿಸಿಕೊಳ್ಳಿ. ಸ್ಪೈರೊಮೆಟ್ರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಅಥವಾ ಖಾಸಗಿ ಎದೆರೋಗ ತಜ್ಞರಲ್ಲಿ ವಿಚಾರಿಸಿ. ಯಾವ ದಿನ ಮಾಡುತ್ತಾರೆ, ಯಂತ್ರ ಸರಿಯಿದೆಯೇ ಎಂದು ಫೋನ್ ಮಾಡಿ ಕೇಳಿಯೇ ಹೊರಡಿ. ಡಿಎಲ್‌ಸಿಒ ಬೇಕಾದರೆ ತೀರ್ಥಹಳ್ಳಿ ಕಡೆಯವರಿಗೆ ಮಣಿಪಾಲ ಹತ್ತಿರ, ಆದರೆ ಆಗುಂಬೆ ಘಾಟಿಯ ತಿರುವುಗಳಲ್ಲಿ ವಾಂತಿ ಮಾಡಿಕೊಂಡು ಸುಸ್ತಾದವರು ಇಳಿದ ಕೂಡಲೇ ಊದಲಾರರು. ಹಿಂದಿನ ದಿನವೇ ಹೋಗಿ ಉಳಿಯುವುದು ಒಳ್ಳೆಯದು. ರೈಲು ಸುಲಭ ಎನ್ನುವವರಿಗೆ ಬೆಂಗಳೂರಿನಲ್ಲಿ ಸರ್ಕಾರದ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಇದೆ.

ನೆಗಡಿ, ಜ್ವರ, ಕಫ ಏರಿದಾಗ ಮಾಡಿಸಬೇಡಿ. ವಾಸಿಯಾಗಿ ಕೆಲವು ವಾರ ಕಳೆಯಲಿ. ಇತ್ತೀಚೆಗೆ ಹೃದಯಾಘಾತ ಆಗಿದ್ದರೆ, ಹೊಟ್ಟೆ ಅಥವಾ ಎದೆಯ ಆಪರೇಷನ್ ಆಗಿದ್ದರೆ, ಕಫದಲ್ಲಿ ರಕ್ತ ಬಂದಿದ್ದರೆ ಮೊದಲೇ ತಿಳಿಸಿ. ಕಣ್ಣಿನ ಪೊರೆಯ ಶಿಬಿರಕ್ಕೆ ಹೋಗಿ ಬಂದವರು ಅದನ್ನು ಹೇಳಲು ಮರೆಯುತ್ತಾರೆ. ಜೋರಾಗಿ ಊದಿದರೆ ಕಣ್ಣಿಗೆ ಒತ್ತಡ ಬೀಳುತ್ತದೆ.

ಮೊದಲ ಸಲ ರೋಗ ಪತ್ತೆಗೆ ಹೋಗುವಾಗ ಪಂಪ್ ನಿಲ್ಲಿಸಲು ಹೇಳಬಹುದು. ಬೇಗ ಕೆಲಸ ಮಾಡುವ ಪಂಪ್ ಆದರೆ 4ರಿಂದ 6 ಗಂಟೆ, ದಿನಕ್ಕೆರಡು ಸಲದ್ದು ಆದರೆ 24 ಗಂಟೆ, ದಿನಕ್ಕೊಂದೇ ಸಲದ್ದು ಆದರೆ 36ರಿಂದ 48 ಗಂಟೆ. ಉಬ್ಬಸ ಬಂದರೆ ಮಾತ್ರ ಕಾಯದೆ ಹಾಕಿಕೊಳ್ಳಿ, ಪರೀಕ್ಷೆ ಇನ್ನೊಂದು ದಿನ ಆದೀತು. ಈಗಾಗಲೇ ಚಿಕಿತ್ಸೆಯಲ್ಲಿದ್ದು ಹೇಗಿದೆ ನೋಡಲು ಹೋಗುವವರು ಸಾಮಾನ್ಯವಾಗಿ ಔಷಧಿ ನಿಲ್ಲಿಸಬೇಕಿಲ್ಲ. ಯಾವುದಕ್ಕೂ ಡಾಕ್ಟರನ್ನು ಕೇಳಿಯೇ ಮಾಡಿ. ಹೊಟ್ಟೆ ಬಿರಿಯ ಊಟ ಬೇಡ, ಬಿಗಿಯಾದ ಬಟ್ಟೆ ಬೇಡ.

ಸಿಒಪಿಡಿ ಇದ್ದವರು ವರ್ಷಕ್ಕೊಮ್ಮೆ ಊದಿದರೆ ಒಳ್ಳೆಯದು, ಆದಷ್ಟು ಅದೇ ಕಡೆ, ಅದೇ ಯಂತ್ರದಲ್ಲಿ. ಆರೋಗ್ಯವಂತರಿಗೂ ಎಫ್‌ಇವಿ1 ವರ್ಷಕ್ಕೆ 25ರಿಂದ 30 ಮಿಲಿ ಕಡಿಮೆಯಾಗುತ್ತದೆ. ಹಾಗಾಗಿ 40, 50 ಮಿಲಿ ಇಳಿದದ್ದಕ್ಕೆ ಹೆದರಬೇಡಿ, ಎರಡು ಮೂರು ವರ್ಷದ ಹಾಳೆಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಅದಕ್ಕೇ ಅಂಕಿಯ ಜೊತೆ ಗ್ರಾಫ್ ಇರುವ ಹಾಳೆಯನ್ನೇ ಕೇಳಿ ಪಡೆಯಿರಿ. ಸಣ್ಣ ಯಂತ್ರದ ನುಣುಪು ಕಾಗದದ ಮುದ್ರಣ ಕೆಲವೇ ತಿಂಗಳಲ್ಲಿ ಮಾಸಿ ಹೋಗುತ್ತದೆ. ಅವತ್ತೇ ಒಂದು ಜೆರಾಕ್ಸ್ ಮಾಡಿಸಿ, ಪೀಕ್ ಫ್ಲೋ ಪುಸ್ತಕದ ಜೊತೆ ಒಂದೇ ಫೈಲಿನಲ್ಲಿ ಇಡಿ.